ಪ್ಯಾಕರ್ಸ್ ಆಟ ನೋಡೋಕೆ ಪ್ಯಾಕೇಜ್ ಬೇಡ, ಆಂಟೆನಾ ಸಾಕು

ಸರ್, ಅಮೆರಿಕದ ಮಿಲ್ವಾಕೀಗೆ ಬಂದು ಎರಡು ತಿಂಗಳಾಯ್ತು, ಸೋಮವಾರ ಆಫೀಸಲ್ಲಿ ಎಲ್ಲರ ಬಾಯಲ್ಲೂ ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡ, ತಲೆಬುಡ ಅರ್ಥ ಆಗಲ್ಲ, ಯಾವ ಚಾನೆಲ್ ಹಾಕಿಸಲಿ, ಆ ತಂಡದ ಷೇರು ತಗೊಳ್ಳಲಾ ಅಂತ ಕೇಳಿದ್ರಿ. ಹತ್ತು ವರ್ಷದ ಹಿಂದೆ ನಾನೂ ಹಾಗೇ ಪಿಳಿಪಿಳಿ ಕಣ್ಣು ಬಿಡ್ತಾ ಕೂತಿದ್ದೆ.

ಮೊದಲು ದುಡ್ಡಿನ ಮಾತು. ಏನೂ ಹಾಕಿಸಬೇಡಿ. ಒಂದು ಸಾದಾ ಆಂಟೆನಾ ತಂದು ಕಿಟಕಿಗೆ ಅಂಟಿಸಿ, ಟೀವಿಯಲ್ಲಿ ಚಾನೆಲ್ ಸ್ಕ್ಯಾನ್ ಮಾಡಿ. ಹೆಚ್ಚಿನ ಆಟ ಫಾಕ್ಸ್‌ನಲ್ಲಿ, ಉಳಿದವು ಸಿಬಿಎಸ್, ಎನ್‌ಬಿಸಿಯಲ್ಲಿ, ಎಲ್ಲ ಪುಕ್ಕಟೆ. ದುಡ್ಡು ಕೊಟ್ಟು ನೋಡೋ ಇಎಸ್‌ಪಿಎನ್, ಪ್ರೈಮ್‌ನಲ್ಲಿ ಬರೋ ಪ್ಯಾಕರ್ಸ್ ಆಟವನ್ನೂ ನಮ್ಮೂರಲ್ಲಿ ಯಾವುದಾದರೂ ಲೋಕಲ್ ಚಾನೆಲ್ ತೋರಿಸುತ್ತೆ. ನಾನು ಮೊದಲ ವರ್ಷ ದುಬಾರಿ ಪ್ಯಾಕೇಜ್ ಕಟ್ಟಿ ಕೂತೆ. ಅದು ಬೇರೆ ಊರಿನವರಿಗೆ ಮಾಡಿದ್ದು, ನಮ್ಮ ಕಡೆಯ ತಂಡದ ಆಟ ಅದರಲ್ಲಿ ಬರೋದೇ ಇಲ್ಲ! ಓದದೆ ಕಟ್ಟಿದ್ದು ನನ್ನದೇ ತಪ್ಪು.

ನೋಡುವಾಗ ಎಲ್ಲ ನಿಯಮ ಕಲಿಯೋಕೆ ಹೋಗಬೇಡಿ. ಚೆಂಡು ಇರೋ ತಂಡ ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತೆ. ಅಷ್ಟು ಹಿಡಿದುಕೊಳ್ಳಿ. ಹುಲ್ಲಿನ ಮೇಲೆ ಕಾಣೋ ಹಳದಿ ಗೆರೆ ಆ 10 ಗಜದ ಗುರುತು. ಅದು ಮೈದಾನದಲ್ಲಿಲ್ಲ, ಟೀವಿಯವರು ಎಳೆಯೋದು. ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ ಆಟ, ಮುಗಿಯೋಕೆ ಮೂರು ಗಂಟೆ. ಮಧ್ಯೆ ಅನ್ನಕ್ಕಿಟ್ಟು ಬಂದರೂ ಏನೂ ತಪ್ಪಲ್ಲ.

ಇನ್ನು ಇತಿಹಾಸ. 1919ರಲ್ಲಿ ತಂಡ ಕಟ್ಟಿದ ಕರ್ಲಿ ಲ್ಯಾಂಬೋ ಕೆಲಸ ಮಾಡ್ತಿದ್ದ ಮಾಂಸದ ಪ್ಯಾಕಿಂಗ್ ಕಂಪನಿ ಆಟಗಾರರ ಬಟ್ಟೆಗೆ 500 ಡಾಲರ್ ಕೊಟ್ಟಿತು, ಹೆಸರು ಪ್ಯಾಕರ್ಸ್ ಆಯ್ತು. ಗ್ರೀನ್ ಬೇ ಅನ್ನೋ ಒಂದು ಲಕ್ಷ ಚಿಲ್ಲರೆ ಜನರ ಊರಿಗೆ ಇವತ್ತು 13 ಚಾಂಪಿಯನ್‌ಶಿಪ್. ಆ ಕಾಲದ ಸಣ್ಣ ಊರಿನ ತಂಡಗಳೆಲ್ಲ ಮಾಯವಾದವು, ಇದೊಂದು ಉಳಿಯಿತು. ಒಂದು ಕಾರಣ, 1923ರಲ್ಲೇ ಊರಿನವರು ಷೇರು ಕೊಂಡು ಯಜಮಾನರಾದರು. ಎರಡನೆಯದನ್ನ ಆಫೀಸಲ್ಲಿ ಯಾರೂ ಹೇಳಲ್ಲ: ಟೀವಿ. 1961ರಲ್ಲಿ ಎಲ್ಲ ತಂಡಗಳ ಲೀಗ್ (ಎನ್‌ಎಫ್‌ಎಲ್) ಒಟ್ಟಾಗಿ ಪ್ರಸಾರದ ಹಕ್ಕು ಮಾರಬಹುದು ಅಂತ ಕಾನೂನು ಬಂತು. ಆ ದುಡ್ಡು ಎಲ್ಲ ತಂಡಕ್ಕೂ ಸಮನಾಗಿ ಹಂಚಿಕೆ. ನ್ಯೂಯಾರ್ಕಿಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ನನ್ನ ಕೇಳಿದರೆ, ಊರಿನ ಅಭಿಮಾನಕ್ಕಿಂತ ಈ ಹಂಚಿಕೆಯೇ ಹೆಚ್ಚು ಕಾಪಾಡಿತು.

ಹಳೇ ಆಟ ಒಂದೇ ನೋಡೋದಾದರೆ 1967ರ ಡಿಸೆಂಬರ್ 31ರ, ಐಸ್ ಬೌಲ್ ಅಂತ ಹೆಸರಾದ ಪ್ಯಾಕರ್ಸ್ ಆಟದ ತುಣುಕು ಹುಡುಕಿ. ಸೊನ್ನೆಗಿಂತ ಕೆಳಗೆ 25 ಡಿಗ್ರಿ ಸೆಲ್ಸಿಯಸ್. ಮೈದಾನದಡಿ ಹಾಕಿದ್ದ ಹೀಟರ್ ಕೈಕೊಟ್ಟಿತ್ತು, ಅಂಪೈರ್‌ಗಳು ಸೀಟಿ ಊದೋ ಹಾಗಿರಲಿಲ್ಲ. 16 ಸೆಕೆಂಡ್ ಉಳಿದಿದ್ದಾಗ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಬಾರ್ಟ್ ಸ್ಟಾರ್ ತಾನೇ ಚೆಂಡು ಹಿಡಿದು ನುಗ್ಗಿದ. ಡಲ್ಲಾಸ್ ವಿರುದ್ಧ 21-17.

ಷೇರು ಅಂದ್ರಲ್ಲ, ಅದು ಯಾವಾಗಲೂ ಮಾರಾಟಕ್ಕಿರಲ್ಲ. ಕೊನೆಗೆ ಬಿಟ್ಟದ್ದು 2021ರಲ್ಲಿ, ಒಂದಕ್ಕೆ 300 ಡಾಲರ್. ಡಿವಿಡೆಂಡ್ ಇಲ್ಲ, ಬೇರೆಯವರಿಗೆ ಮಾರೋಕಾಗಲ್ಲ, ಟಿಕೆಟ್‌ನಲ್ಲಿ ರಿಯಾಯಿತಿಯೂ ಇಲ್ಲ. ವಾರ್ಷಿಕ ಸಭೆ, ಮತ, ಗೋಡೆಗೆ ತೂಗುಹಾಕೋ ಕಾಗದ, ಅಷ್ಟೇ. ಹೂಡಿಕೆ ಅಂದ್ಕೊಂಡು ಕಾಯಬೇಡಿ.

ದಾವಣಗೆರೆಯಲ್ಲಿರೋ ತಮ್ಮನೂ ಜೊತೆಗೆ ನೋಡಬೇಕು ಅಂದಿದ್ರಿ. ಅಲ್ಲಿಗೆ ಡಝೋನ್ (DAZN) ಅನ್ನೋ ಆ್ಯಪ್‌ನಲ್ಲಿ ಎನ್‌ಎಫ್‌ಎಲ್ ಗೇಮ್ ಪಾಸ್ ಇದೆ. ನಮ್ಮ ಭಾನುವಾರ ಮಧ್ಯಾಹ್ನ 12ರ ಆಟ ಅವರಿಗೆ ರಾತ್ರಿ 10:30, ನವೆಂಬರ್‌ನಲ್ಲಿ ಗಡಿಯಾರ ತಿರುಗಿಸಿದ ಮೇಲೆ 11:30. ಸಂಜೆ ಆಟ ಅಂದರೆ ಅವರಿಗೆ ಸೋಮವಾರ ಬೆಳಗಿನ ಕಾಫಿ ಹೊತ್ತು.

ಪ್ಯಾಕರ್ಸ್ ಮೈದಾನ ಲ್ಯಾಂಬೋ ಫೀಲ್ಡ್‌ಗೆ ಹೋಗೋದಾದರೆ ಸೆಪ್ಟೆಂಬರ್‌ನಲ್ಲೇ ಹೋಗಿ. ಡಿಸೆಂಬರ್‌ನಲ್ಲೇ ಹೋಗ್ತೀನಿ ಅಂತ ಹಟ ಇದ್ದರೆ ಒಂದು ರಟ್ಟಿನ ತುಂಡು ಒಯ್ದು ಪಾದದ ಕೆಳಗೆ ಹಾಕ್ಕೊಳ್ಳಿ, ಥಂಡಿ ಕಾಂಕ್ರೀಟಿನಿಂದಲೇ ಏರೋದು.