ಎಲ್ಲವೂ ಬದಲಾದಾಗ ನಂಬಿಕೆಯಲ್ಲಿ ಬೆಳೆಯುವುದು ಹೇಗೆ?

ಒಂದೇ ವರ್ಷದಲ್ಲಿ ಕೆಲಸ ಬದಲಾಯಿತು, ಊರು ಬದಲಾಯಿತು, 12 ವರ್ಷ ಆರಾಧಿಸಿದ ಸಭೆಯನ್ನು ಬಿಟ್ಟು ಬರಬೇಕಾಯಿತು ಎಂದು ಬರೆದಿದ್ದೀರಿ. "ಬದಲಾವಣೆಯನ್ನು ಒಪ್ಪಿಕೋ, ಅದೇ ಆತ್ಮಿಕ ಬೆಳವಣಿಗೆ" ಎಂದು ಎಲ್ಲರೂ ಹೇಳುತ್ತಾರೆ, ನಿಮಗೆ ಮಾತ್ರ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ನನ್ನ ನಂಬಿಕೆ ಕುಂದಿತೇ, ಒಪ್ಪಿಕೊಳ್ಳುವುದು ಎಂದರೆ ದಿನನಿತ್ಯ ಏನು ಮಾಡುವುದು ಎಂದು ಕೇಳಿದ್ದೀರಿ.

ನಂಬಿಕೆ ಕುಂದಿದೆ ಎಂದು ನನಗೆ ಅನ್ನಿಸುವುದಿಲ್ಲ. ನಿಮಗೆ ಬುದ್ಧಿ ಹೇಳಿದವರು ಎರಡು ಬೇರೆ ಬೇರೆ ಬದಲಾವಣೆಗಳನ್ನು ಒಂದಾಗಿ ಕಲಸಿಬಿಟ್ಟಿದ್ದಾರೆ. ಪರಿಸ್ಥಿತಿ ಬದಲಾಗುವುದು ಒಂದು, ನಾವು ಬದಲಾಗುವುದು ಇನ್ನೊಂದು. ಊರು ಬಿಟ್ಟ ಮಾತ್ರಕ್ಕೆ ಯಾರೂ ಬೆಳೆಯುವುದಿಲ್ಲ. ಧರ್ಮೋಪದೇಶಕಾಂಡದ 1ನೇ ಅಧ್ಯಾಯ ತೆಗೆದು ನೋಡಿ. ಐಗುಪ್ತದ ದಾಸತ್ವದಿಂದ ಬಿಡುಗಡೆಯಾಗಿ ಹೊರಟ ಇಸ್ರಾಯೇಲ್ಯರ ಕಥೆ ಅದು. ಹೋರೇಬ್ ಬೆಟ್ಟದಿಂದ, ದೇವರು ಕೊಡುವೆನೆಂದ ನಾಡಿನ ಅಂಚಿನಲ್ಲಿದ್ದ ಕಾದೇಶ್ ಬರ್ನೇಯಕ್ಕೆ 11 ದಿನದ ಹಾದಿ ಎನ್ನುತ್ತದೆ 2ನೇ ವಚನ. 3ನೇ ವಚನ ಶುರುವಾಗುವುದೇ 40ನೇ ವರ್ಷದಲ್ಲಿ. ಜನರ ಕಾಲು ಐಗುಪ್ತ ಬಿಟ್ಟು ಎಷ್ಟೋ ಕಾಲವಾಗಿತ್ತು, ಮನಸ್ಸು ಬಿಟ್ಟಿರಲಿಲ್ಲ. ನಿಮಗೆ ಬಂದದ್ದು ಮೊದಲನೆಯ ಬಗೆಯ ಬದಲಾವಣೆ. ಎರಡನೆಯದು ನಿಧಾನವಾಗಿ ಆಗುವಂಥದ್ದು, ಅದಕ್ಕೆ ಅದರದೇ ಕೆಲಸಗಳಿವೆ.

ರೋಮಾಪುರದವರಿಗೆ ಬರೆದ ಪತ್ರಿಕೆ 12:2ರಲ್ಲಿ ಅಪೊಸ್ತಲ ಪೌಲ ಮನಸ್ಸು ಹೊಸದಾಗಿ ಮಾರ್ಪಡುವುದರ ಬಗ್ಗೆ ಹೇಳುವಾಗ ಬಳಸುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು ನಾಲ್ಕೇ ಕಡೆ. ಅದರಲ್ಲಿ ಎರಡು ಕಡೆ, ಮತ್ತಾಯ 17:2 ಮತ್ತು ಮಾರ್ಕ 9:2ರಲ್ಲಿ, ಬೆಟ್ಟದ ಮೇಲೆ ಯೇಸುವಿನ ರೂಪ ಪ್ರಕಾಶಮಾನವಾದದ್ದಕ್ಕೆ ಬಳಕೆಯಾಗಿದೆ. ಉಳಿದೊಂದು 2 ಕೊರಿಂಥ 3:18. ರೋಮ ಪತ್ರಿಕೆಯಲ್ಲಿ ಅದು ಕರ್ಮಣಿ ಪ್ರಯೋಗ, ಅದೂ ವರ್ತಮಾನಕಾಲದ ಆಜ್ಞೆ. ಅಂದರೆ "ಮಾರ್ಪಡಿಸಲ್ಪಡುತ್ತಾ ಇರಿ" ಎಂಬ ಅರ್ಥ. ವ್ಯಾಕರಣದ ಮಾತು ಯಾಕೆ ಎನ್ನಬೇಡಿ, ಇದರಿಂದ ನಿಮ್ಮ ಹೆಗಲಿನ ಭಾರ ಅರ್ಧ ಇಳಿಯುತ್ತದೆ. ಬದಲಾಯಿಸುವವನು ದೇವರು, ಅದು ಒಂದು ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ. ಆತನ ಕೈಗೆ ಸಿಗುವಂತೆ ಕೂತಿರುವುದು ನಮ್ಮ ಪಾಲು. ಹಾಗೆ ಕೂರುವುದಕ್ಕೆ ಒಂದಿಷ್ಟು ಅಭ್ಯಾಸ ಬೇಕು.

ಮೊದಲು ಕಳೆದುಕೊಂಡದ್ದನ್ನು ಹೆಸರಿಟ್ಟು ಬರೆಯಿರಿ. "ನನ್ನ ಸಭೆ ಹೋಯಿತು" ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಬಲಗಡೆಯ ಮೂರನೇ ಬೆಂಚು, ಪಕ್ಕದಲ್ಲಿ ಕೂರುತ್ತಿದ್ದ ಅಜ್ಜಿ ಕೀರ್ತನೆ ಪುಸ್ತಕವನ್ನು ನಿಮ್ಮ ಕಡೆಗೂ ವಾಲಿಸಿ ಹಿಡಿಯುತ್ತಿದ್ದದ್ದು, ಒಂದು ವಾರ ತಪ್ಪಿಸಿದರೆ ಯಾರೋ ಫೋನ್ ಮಾಡುತ್ತಿದ್ದದ್ದು, ಇಷ್ಟು ಹತ್ತಿರದಿಂದ ಬರೆಯಿರಿ. ಪ್ರತಿಯೊಂದರ ಎದುರಿಗೆ ಅದು ನಿಮಗೆ ಕೊಡುತ್ತಿದ್ದದ್ದು ಏನು ಎಂದು ಬರೆಯಿರಿ: ಆಸರೆಯೋ, ಗೌರವವೋ, ಅಭ್ಯಾಸದ ನೆಮ್ಮದಿಯೋ, ದೇವರ ಸನ್ನಿಧಿಯೋ. ಆಮೇಲೆ ಮೂರನೇ ಸಾಲು, ಹಳೆಯದರಲ್ಲಿ ಭಾರವಾಗಿದ್ದದ್ದೇನು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಬೇಕೇಬೇಕು. ಅರಣ್ಯಕಾಂಡ 11:5ರಲ್ಲಿ ಇಸ್ರಾಯೇಲ್ಯರು ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಯನ್ನೆಲ್ಲ ನೆನೆಸಿಕೊಳ್ಳುತ್ತಾರೆ, ಮೀನು ಪುಕ್ಕಟೆ ಸಿಗುತ್ತಿತ್ತು ಎಂದೂ ಹೇಳುತ್ತಾರೆ. ಅಲ್ಲಿ ದಾಸರಾಗಿ ಮಾಡಿದ ಇಟ್ಟಿಗೆ, ತಿಂದ ಚಾವಟಿಯೇಟು ಅವರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನೆನಪು ಹಾಗೆಯೇ, ತನಗೆ ಬೇಕಾದದ್ದನ್ನು ಮಾತ್ರ ಆರಿಸಿಟ್ಟುಕೊಳ್ಳುತ್ತದೆ.

ಈ ಹಾಳೆ ಮುಗಿದ ಮೇಲೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ನಿಮಗೆ ದೇವರು ಸಿಕ್ಕ ಪಾತ್ರೆ ಒಡೆದಿದೆ. ದೇವರು ಮತ್ತು ಆ ಪಾತ್ರೆ ಎರಡೂ ಒಂದೇ ಎಂದು ನಮಗೆ ಗೊತ್ತಿಲ್ಲದೆಯೇ ನಂಬಿರುತ್ತೇವೆ. ಬದಲಾವಣೆ ನೋಯಿಸುವುದು, ಬೆಳೆಸುವುದು ಎರಡೂ ಈ ಜಾಗದಲ್ಲೇ. ಕೀರ್ತನೆ 42ನ್ನು ಹಾಡಿದವನು, ಜನಸಮೂಹದೊಂದಿಗೆ ದೇವಾಲಯಕ್ಕೆ ಹೋಗುತ್ತಿದ್ದ ದಿನಗಳನ್ನು ನೆನೆದು ಅಳುತ್ತಾನೆ. "ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ" ಎಂದು ತನ್ನನ್ನೇ ಕೇಳಿಕೊಳ್ಳುವ ಪಲ್ಲವಿ 42 ಮತ್ತು 43ನೇ ಕೀರ್ತನೆ ಸೇರಿ ಮೂರು ಸಲ ಬರುತ್ತದೆ. ಒಂದು ಸಲ ಹೇಳಿಕೊಂಡದ್ದು ಅವನಿಗೂ ಸಾಲಲಿಲ್ಲ.

ಆದ್ದರಿಂದ ಒಪ್ಪಿಕೊಳ್ಳುವ ಮೊದಲು ಅಳಬೇಕು, ದೇವರ ಮುಂದೆಯೇ ಅಳಬೇಕು. ಅದಕ್ಕೆ ನಾನು ಸೂಚಿಸುವುದು ಕೀರ್ತನೆ 13. ಇರುವುದು ಆರೇ ವಚನ. 1-2ರಲ್ಲಿ ದೂರು, "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ. 3-4ರಲ್ಲಿ ಬೇಡಿಕೆ, 5-6ರಲ್ಲಿ ಭರವಸೆ. ಮಾತು ಹೊರಡದಿದ್ದರೆ ಇದನ್ನೇ ಗಟ್ಟಿಯಾಗಿ ಓದಿ, ಆಮೇಲೆ ಅದೇ ಅಳತೆಯಲ್ಲಿ ನಿಮ್ಮ ಆರು ಸಾಲು ಬರೆಯಿರಿ. ದಿನಕ್ಕೊಂದರಂತೆ ಎರಡು ವಾರ. ಇಲ್ಲಿ ತಪ್ಪುವುದು ಎಲ್ಲಿ ಎಂದರೆ, ಒಳ್ಳೆಯ ವಿಶ್ವಾಸಿಗಳು ಮೊದಲ ದಿನವೇ 5ನೇ ವಚನಕ್ಕೆ ಹಾರಿಬಿಡುತ್ತಾರೆ. ಭರವಸೆಯ ಸಾಲು ಬಾರದಿದ್ದರೆ ಆ ದಿನ ಬರೆಯಬೇಡಿ, ಜಾಗ ಖಾಲಿ ಬಿಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ದೇವರ ವಾಕ್ಯದಲ್ಲಿದೆ. ಪರದೇಶದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೊವೊಮಿ ತನ್ನೂರು ಬೇತ್ಲೆಹೇಮಿಗೆ ಬರಿಗೈಯಲ್ಲಿ ವಾಪಸು ಬಂದಾಗ "ನನ್ನನ್ನು ಮಾರಾ ಎನ್ನಿರಿ" ಎಂದಳು. ಕಹಿ ಎಂದು ಆ ಹೆಸರಿನ ಅರ್ಥ. ಹಾಗಂದದ್ದಕ್ಕೆ ರೂತಳ ಪುಸ್ತಕದಲ್ಲಿ ಯಾರೂ ಅವಳನ್ನು ಗದರಿಸುವುದಿಲ್ಲ.

ಇನ್ನು ಪ್ರಾರ್ಥನೆಯ ಸಮಯ. ಮೊದಲು ಒಂದು ಗಂಟೆ ಪ್ರಾರ್ಥಿಸುತ್ತಿದ್ದೆ ಎಂದು ಈಗಲೂ ಒಂದು ಗಂಟೆ ಇಟ್ಟುಕೊಂಡರೆ ನಾಲ್ಕನೇ ದಿನ ಕೈಬಿಡುತ್ತೀರಿ, ಆಮೇಲೆ ಅಪರಾಧಿ ಭಾವ ಬೇರೆ. 10 ನಿಮಿಷ ಗೊತ್ತುಮಾಡಿ, ಗಂಟೆ ಮತ್ತು ಜಾಗ ಎರಡೂ ಬದಲಾಗದಿರಲಿ. ಎಲ್ಲವೂ ಅಲ್ಲಾಡುವಾಗ ಒಂದು ಚಿಕ್ಕ ಗೂಟವಾದರೂ ನೆಟ್ಟಗಿರಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಸಿಕ್ಕಿದ್ದು ತಲೆಗೆ ಒಂದು ಓಮೆರ್, ಸುಮಾರು 2 ಲೀಟರ್, ಅದೂ ಆ ದಿನಕ್ಕೆ ಮಾತ್ರ. ನಾಳೆಗೆ ಎಂದು ಎತ್ತಿಟ್ಟದ್ದು ಹುಳ ಬಿದ್ದು ನಾರಿತು. ಬರುವ ವರ್ಷ ಹೇಗೋ ಏನೋ ಎಂಬ ಚಿಂತೆಯನ್ನು ಇವತ್ತಿನ ಪ್ರಾರ್ಥನೆಗೆ ತುಂಬಿದರೆ ಆಗುವುದೂ ಇದೇ. ಪ್ರಾರ್ಥನೆ ಒಣಗಿದ ದಿನಗಳಿಗೆ ಯೇಸುಸಭೆ (ಜೆಸ್ಯೂಟ್) ಎಂಬ ಕ್ರೈಸ್ತ ಸನ್ಯಾಸಿ ಸಂಘವನ್ನು ಸ್ಥಾಪಿಸಿದ ಲೊಯೊಲದ ಇಗ್ನೇಷಿಯಸ್ (1491–1556) ಹೇಳುವ ಉಪಾಯ ವಿಚಿತ್ರವಾಗಿ ಕಾಣುತ್ತದೆ. ಬೇಗ ಎದ್ದುಬಿಡಬೇಕು ಅನ್ನಿಸಿದಾಗ ಗೊತ್ತುಮಾಡಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೂರಬೇಕು. 10 ನಿಮಿಷ ಇದ್ದರೆ ಆ ದಿನ 11 ಕೂತು ನೋಡಿ. ಆ ಒಂದು ನಿಮಿಷದಲ್ಲಿ ಏನೂ ಅನುಭವವಾಗದೆ ಇರಬಹುದು, ಆದರೆ ಮನಸ್ಸಿನ ಹುಕುಂ ನಡೆಯುವುದಿಲ್ಲ ಎಂಬುದು ಮನಸ್ಸಿಗೆ ತಿಳಿಯುತ್ತದೆ.

ಅದೇ ಇಗ್ನೇಷಿಯಸ್‌ನ ಇನ್ನೊಂದು ನಿಯಮ ನಿಮಗೆ ಇನ್ನೂ ಮುಖ್ಯ: ಮನಸ್ಸು ಕುಗ್ಗಿ ದೇವರು ದೂರವೆನಿಸುವ ಕಾಲದಲ್ಲಿ ಹೊಸ ತೀರ್ಮಾನ ಮಾಡಬೇಡ, ಅದಕ್ಕೆ ಮೊದಲು ಮಾಡಿದ ಒಳ್ಳೆಯ ತೀರ್ಮಾನದಲ್ಲೇ ಗಟ್ಟಿಯಾಗಿ ನಿಲ್ಲು. ಈಗ ಸೇವೆಯನ್ನೇ ಬಿಟ್ಟುಬಿಡೋಣ, ಸಭೆಗೆ ಹೋಗುವುದೇ ಬೇಡ, ಹಳೇ ಊರಿಗೇ ಓಡೋಣ ಎಂದೆಲ್ಲ ಅನ್ನಿಸಿದರೆ ತೀರ್ಮಾನವನ್ನು ಮುಂದೂಡಿ. ಮನಸ್ಸು ಸ್ವಲ್ಪ ತಿಳಿಯಾದ ದಿನ ಅದೇ ಆಲೋಚನೆ ಮತ್ತೆ ಬಂದರೆ ಆಗ ತೂಗಿ ನೋಡಿ.

ಈಗ ನೀವು ಬದಲಾಗುವ ಭಾಗ. ಎಫೆಸ 4:22-24ರಲ್ಲಿ ಮೂರು ಹೆಜ್ಜೆ ಇವೆ: ಪೂರ್ವಸ್ವಭಾವವನ್ನು ತೆಗೆದುಹಾಕುವುದು, ಮನಸ್ಸು ಹೊಸದಾಗುವುದು, ನೂತನಸ್ವಭಾವವನ್ನು ಧರಿಸಿಕೊಳ್ಳುವುದು. ಮುಂದಿನ ವಚನಗಳಲ್ಲಿ ಪೌಲ ಇದನ್ನು ಬಿಡಿಸಿ ತೋರಿಸುತ್ತಾನೆ. 28ನೇ ವಚನದ ಕಳ್ಳ ಕದಿಯುವುದನ್ನು ನಿಲ್ಲಿಸಿದರೆ ಮುಗಿಯಲಿಲ್ಲ, ಕೈಯಾರೆ ದುಡಿಯಬೇಕು, ದುಡಿದದ್ದರಲ್ಲಿ ಇಲ್ಲದವರಿಗೆ ಕೊಡಬೇಕು. ಕಿತ್ತುಕೊಳ್ಳುತ್ತಿದ್ದ ಅದೇ ಕೈ ಕೊಡುವ ಕೈ ಆಗುವವರೆಗೆ ಬದಲಾವಣೆ ಪೂರ್ತಿಯಾಗುವುದಿಲ್ಲ. ತೆಗೆದ ಜಾಗದಲ್ಲಿ ಏನನ್ನೂ ಇಡದೆ ಹೋದರೆ ಹಳೆಯದೇ ಬಂದು ಕೂರುತ್ತದೆ. ಒಳ್ಳೆಯ ನಿರ್ಧಾರಗಳು ಮುರಿದುಬೀಳುವುದಕ್ಕೆ ನಾನು ಕಾಣುವ ದೊಡ್ಡ ಕಾರಣ ಇದೇ.

ಒಂದೇ ಒಂದನ್ನು ಆರಿಸಿಕೊಳ್ಳಿ. "ತಾಳ್ಮೆ ಬೆಳೆಸಿಕೊಳ್ಳುತ್ತೇನೆ" ಎಂಬಂಥದ್ದು ಬೇಡ, ಅದು ಎಣಿಕೆಗೆ ಸಿಗುವುದಿಲ್ಲ. "ಹೊಸ ಜಾಗದವರ ಎದುರು ಹಳೆಯದನ್ನು ಹೋಲಿಸಿ ಮಾತಾಡುವುದನ್ನು ಬಿಟ್ಟು, ಆ ಜಾಗದಲ್ಲಿ ಅವರನ್ನೇ ಒಂದು ಪ್ರಶ್ನೆ ಕೇಳುತ್ತೇನೆ" ಎಂಬಷ್ಟು ಖಚಿತವಾಗಿರಲಿ. ಬೆಳಿಗ್ಗೆ ಎದ್ದ ಕೂಡಲೇ ಆ ಒಂದಕ್ಕೆ ಕೃಪೆ ಬೇಡಿ. ಮಧ್ಯಾಹ್ನದ ಊಟದ ಮೇಲೆ ಎದ್ದಾಗಿನಿಂದ ಎಷ್ಟು ಸಲ ತಪ್ಪಿದೆ ಎಂದು ನೆನೆದು ಒಂದು ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಿ. ರಾತ್ರಿ ಊಟದ ಮೇಲೆ ಎರಡನೇ ಗೆರೆ. ಇದೂ ಇಗ್ನೇಷಿಯಸ್ ಕಲಿಸಿದ ಪದ್ಧತಿಯೇ. ತಪ್ಪಿದ ಕ್ಷಣದಲ್ಲೇ ಯಾರಿಗೂ ಕಾಣದಂತೆ ಎದೆಯ ಮೇಲೆ ಕೈಯಿಡಬೇಕು ಎನ್ನುತ್ತಾನೆ ಅವನು. ಅಷ್ಟು ಸಣ್ಣ ಸನ್ನೆ ಸಾಕು, ತಪ್ಪು ಗಮನಕ್ಕೆ ಬಾರದೆ ಜಾರಿಹೋಗುವುದಿಲ್ಲ. ಮೊದಲ ವಾರ ಚುಕ್ಕೆಗಳು ಹೆಚ್ಚಾದರೆ ಗಾಬರಿಬೀಳಬೇಡಿ, ಕಣ್ಣು ಚುರುಕಾಗಿದೆ ಎಂದಷ್ಟೇ ಅರ್ಥ. ದಿನಕ್ಕೆ ದಿನ ಹೋಲಿಸುವುದಕ್ಕಿಂತ ವಾರಕ್ಕೆ ವಾರ ಹೋಲಿಸಿದರೆ ನಿಜ ಚಿತ್ರ ಸಿಗುತ್ತದೆ. ಚುಕ್ಕೆ ಎಣಿಸುವುದೇ ಧರ್ಮವಾಗಿ, ದೇವರ ಹತ್ತಿರ ಮಾತು ನಿಂತುಹೋದರೆ ಹಾಳೆಯನ್ನು ಒಂದು ವಾರ ಬದಿಗಿಡಿ.

ಹಿಂದಕ್ಕೆ ಜಾರುತ್ತೀರಿ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಅಪೊಸ್ತಲರ ಕೃತ್ಯಗಳು 10ರಲ್ಲಿ ಪೇತ್ರನಿಗೆ ಆಕಾಶದಿಂದ ಜೋಳಿಗೆಯಂಥ ಬಟ್ಟೆ ಇಳಿಯುವ ದರ್ಶನ ಮೂರು ಸಲ ಆಯಿತು. ಅದರಲ್ಲಿ ಯೆಹೂದ್ಯರು ಅಶುದ್ಧವೆಂದು ತಿನ್ನದ ಪ್ರಾಣಿಗಳಿದ್ದವು, ತಿನ್ನು ಎಂಬ ಸ್ವರ ಕೇಳಿಸಿತು. "ಬೇಡ ಕರ್ತನೇ" ಎಂದವನು ಕೊನೆಗೆ ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಯೊಳಗೆ ಕಾಲಿಟ್ಟ. ಅಷ್ಟು ದೊಡ್ಡ ಬದಲಾವಣೆ ಕಂಡವನೂ ಅಂತಿಯೋಕ್ಯದಲ್ಲಿ ಸುನ್ನತಿಯವರಿಗೆ, ಅಂದರೆ ಯೆಹೂದಿ ವಿಶ್ವಾಸಿಗಳಿಗೆ, ಹೆದರಿ ಯೆಹೂದ್ಯರಲ್ಲದ ಅನ್ಯಜನರ ಜೊತೆಗಿನ ಊಟದಿಂದ ಹಿಂದೆ ಸರಿದ, ಪೌಲ ಎದುರಿಗೇ ಖಂಡಿಸಬೇಕಾಯಿತು ಎಂದು ಗಲಾತ್ಯ 2:11-14 ಹೇಳುತ್ತದೆ. ಪೇತ್ರನಿಗೆ ಮುಖಕ್ಕೆ ಹೇಳುವವನೊಬ್ಬನಿದ್ದ. ನಿಮಗೂ ಅಂಥವರೊಬ್ಬರು ಬೇಕು, ತಿಂಗಳಿಗೆ ಎರಡು ಸಲವಾದರೂ ಮಾತಾಡುವಂಥವರು. ಹಳೇ ಸಭೆಯವರಾದರೂ ಸರಿ, ಫೋನಿನಲ್ಲಾದರೂ ಸರಿ.

ಬಂದ ಬದಲಾವಣೆಯೆಲ್ಲ ದೇವರದ್ದೇ ಎಂದು ತಲೆಬಾಗಿಸಬೇಕಿಲ್ಲ. ಯಾರಾದರೂ ನಿಮಗೆ ಹಿಂಸೆ, ಮೋಸ, ಅನ್ಯಾಯ ಮಾಡಿ, ಇದನ್ನು ಒಪ್ಪಿಕೊಳ್ಳುವುದೇ ಆತ್ಮಿಕತೆ ಎಂದರೆ ಆ ಮಾತು ಸುಳ್ಳು. ಅಲ್ಲಿ ಸಹಾಯ ಕೇಳುವುದು, ದೂರ ಸರಿಯುವುದು ಸರಿಯಾದ ದಾರಿ. ಸಂದೇಹವಿದ್ದಾಗ ಗಲಾತ್ಯ 5:22-23 ಹೇಳುವ, ದೇವರಾತ್ಮನಿಂದ ಉಂಟಾಗುವ ಒಂಬತ್ತು ಫಲಗಳನ್ನು ಇಟ್ಟು ನೋಡಿ. ಈ ದಾರಿಯಲ್ಲಿ ನಡೆಯುತ್ತಾ ತಿಂಗಳುಗಳಾದ ಮೇಲೆ ಪ್ರೀತಿ, ಸಮಾಧಾನ, ದಯೆ ಹೆಚ್ಚುತ್ತಿವೆಯೋ, ಹೆದರಿಕೆ ಮತ್ತು ಕಹಿ ಹೆಚ್ಚುತ್ತಿವೆಯೋ? ಹಾಗೆಯೇ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡ ಎನ್ನಿಸಿದರೆ ವೈದ್ಯರ ಹತ್ತಿರ ಹೋಗಿ, ತಡಮಾಡಬೇಡಿ. ಸಾಯಬೇಕು ಎಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಮಾಡಿಸಿದ, ನಡುವೆ ಮಲಗಲು ಬಿಟ್ಟ. ದೇವರ ಸ್ವರ ಕೇಳಿಸಿದ್ದು ಆಮೇಲೆ, ಹೋರೇಬಿನಲ್ಲಿ.

ಕೊನೆಗೆ ಹೊಸ ಊರಿನ ವಿಷಯ. ಯೆರೆಮೀಯ 29:11ನ್ನು ನಿಮಗೆ ಈಗಾಗಲೇ ಯಾರಾದರೂ ಕಳುಹಿಸಿರಬೇಕು, ಮುಂದೆ ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯ ವಚನ. ಅದರ ಹಿಂದಿನ ವಚನವನ್ನೂ ಓದಿ, ಅಲ್ಲಿ 70 ವರ್ಷ ಎಂದಿದೆ. ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ ಅದು. ಬೇಗ ವಾಪಸು ಹೋಗುತ್ತೀರಿ ಎಂದು ಅದರಲ್ಲಿ ಇಲ್ಲ. ಮನೆ ಕಟ್ಟಿ, ತೋಟ ಮಾಡಿ ಅದರ ಫಲ ತಿನ್ನಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ (29:5-7).

ನಿಮ್ಮ ಮಟ್ಟಿಗೆ ಇದರ ಅರ್ಥ ಹೀಗೆ. ಒಂದು ಸಭೆಯನ್ನು ಆರಿಸಿ ಕನಿಷ್ಠ 8 ಭಾನುವಾರ ಬಿಡದೆ ಹೋಗಿ, ಅಲ್ಲಿಯವರೆಗೆ ತೀರ್ಪು ಬೇಡ. ವಾರಕ್ಕೊಂದು ಸಭೆ ಅಲೆದರೆ ಎಲ್ಲೆಡೆಯೂ ಕಾಣುವುದು ಹಳೆಯದರಲ್ಲಿದ್ದು ಇಲ್ಲಿ ಇಲ್ಲದ್ದು ಮಾತ್ರ. ನಾಲ್ಕನೇ ವಾರದ ಹೊತ್ತಿಗೆ ಸಣ್ಣ ಕೆಲಸವೊಂದನ್ನು ಕೇಳಿ ತೆಗೆದುಕೊಳ್ಳಿ, ಕುರ್ಚಿ ಜೋಡಿಸುವುದೋ ಲೋಟ ತೊಳೆಯುವುದೋ. ಜತೆಯಲ್ಲಿ ಕೆಲಸ ಮಾಡುವ ಕೈಗಳ ನಡುವೆ ಪರಿಚಯ ತಾನಾಗಿ ಆಗುತ್ತದೆ, ಹೊಸಬರಾಗಿ ಮೂಲೆಯಲ್ಲಿ ನಿಂತರೆ ಆಗುವುದಿಲ್ಲ. ಪ್ರತಿ ವಾರ ಒಬ್ಬರ ಹೆಸರು ಕೇಳಿ ತಿಳಿದು, ಮನೆಗೆ ಬಂದು ಬರೆದಿಟ್ಟು, ಆ 10 ನಿಮಿಷದ ಪ್ರಾರ್ಥನೆಯಲ್ಲಿ ಆ ಹೆಸರನ್ನು ದೇವರ ಮುಂದೆ ಹೇಳಿ. ಎಂಟು ವಾರಕ್ಕೆ ಎಂಟು ಹೆಸರು. ನಿಮಗಾಗಿ ಮಾತು ಹೊರಡದ ದಿನಗಳಲ್ಲೂ ಅವರಿಗಾಗಿ ಹೊರಡುವುದುಂಟು.