ಹೀಪ್ 2 ಜಿಬಿ, ಪ್ರೊಸೆಸ್ 3.4 ಜಿಬಿ: ಉಳಿದದ್ದು ಎಲ್ಲಿ?

ಪ್ರಶ್ನೆ: ನಮ್ಮ ಜಾವಾ ಸರ್ವಿಸ್‌ಗೆ ಎಕ್ಸ್‌ಎಂಎಕ್ಸ್ (ಹೀಪ್, ಅಂದರೆ ಜಾವಾ ಆಬ್ಜೆಕ್ಟ್‌ಗಳು ಇರುವ ಮೆಮೊರಿಯ ಗರಿಷ್ಠ ಮಿತಿ) 2 ಜಿಬಿ ಇಟ್ಟಿದ್ದೇವೆ. ಟಾಪ್ ಕಮಾಂಡ್‌ನಲ್ಲಿ ನೋಡಿದರೆ ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದಿರುವ ಮೆಮೊರಿ) 3.4 ಜಿಬಿ. ಕಂಟೇನರ್ ಮಿತಿ 3.5 ಜಿಬಿ, ಹಾಗಾಗಿ ಎರಡು ದಿನಕ್ಕೊಮ್ಮೆ ಪ್ರೊಸೆಸ್ ಕಿಲ್ ಆಗುತ್ತದೆ. ಹೀಪ್ ಡಂಪ್‌ನಲ್ಲಿ (ಒಂದು ಕ್ಷಣದ ಹೀಪಿನ ನಕಲು) 900 ಎಂಬಿ ಕೂಡ ಇಲ್ಲ. ಲೀಕ್ ಎಲ್ಲಿದೆ ಸರ್?

ಉತ್ತರ: ಹೀಪ್ ಡಂಪನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದರಲ್ಲಿ ಕಾಣುವುದು ಜೀವಂತ ಆಬ್ಜೆಕ್ಟ್‌ಗಳು. ಅವು 900 ಎಂಬಿ ಇದ್ದರೂ ಜೆವಿಎಂ (ಜಾವಾ ಕೋಡ್ ಓಡಿಸುವ ಪ್ರೋಗ್ರಾಂ) ಒಮ್ಮೆ ಮುಟ್ಟಿದ ಹೀಪನ್ನು ಓಎಸ್‌ಗೆ ವಾಪಸ್ ಕೊಟ್ಟಿರುತ್ತದೆ ಅಂತ ಹೇಳುವಂತಿಲ್ಲ. ಹೀಪಿಗೇ 2 ಜಿಬಿ ಹೋಗಿದೆ ಅಂತ ಇಟ್ಟುಕೊಳ್ಳಿ. ಹುಡುಕಬೇಕಾದದ್ದು ಉಳಿದ 1.4 ಜಿಬಿ.

ಎಕ್ಸ್‌ಎಂಎಕ್ಸ್ ಕಟ್ಟಿಹಾಕುವುದು ಹೀಪನ್ನು ಮಾತ್ರ. ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ), ಕೋಡ್ ಕ್ಯಾಶ್ (ಕಂಪೈಲ್ ಆದ ಕೋಡ್), ಥ್ರೆಡ್ ಸ್ಟ್ಯಾಕ್, ಜಿಸಿ (ಬೇಡದ ಆಬ್ಜೆಕ್ಟ್‌ಗಳನ್ನು ತೆಗೆಯುವ ಗಾರ್ಬೇಜ್ ಕಲೆಕ್ಟರ್) ಇಟ್ಟುಕೊಳ್ಳುವ ಲೆಕ್ಕ ಎಲ್ಲವೂ ಅದರ ಹೊರಗೆ. ಡೈರೆಕ್ಟ್ ಬಫರ್‌ಗೆ (ಹೀಪಿನ ಹೊರಗೆ ಡೇಟಾ ಇಡುವ ಬಫರ್) ಬೇರೆ ಮಿತಿ ಹಾಕದಿದ್ದರೆ ಅದೂ ಹೀಪಿನಷ್ಟೇ, ಅಂದರೆ ನಿಮ್ಮಲ್ಲಿ ಇನ್ನೊಂದು 2 ಜಿಬಿ ತನಕ ಬೆಳೆಯಬಹುದು!

ನೇಟಿವ್ ಮೆಮೊರಿ ಟ್ರ್ಯಾಕಿಂಗನ್ನು (ಜೆವಿಎಂ ತನ್ನ ಮೆಮೊರಿಯ ಲೆಕ್ಕ ತೋರಿಸುವ ಸೌಲಭ್ಯ) ಸಮ್ಮರಿ ಮಟ್ಟದಲ್ಲಿ ಆನ್ ಮಾಡಿ ರೀಸ್ಟಾರ್ಟ್ ಮಾಡಿ. ವೇಗ ಶೇ 5ರಿಂದ 10ರಷ್ಟು ತಗ್ಗಬಹುದು, ಹಾಗಾಗಿ ಒಂದು ಕಂಟೇನರ್‌ನಲ್ಲಿ ಮಾತ್ರ ಸಾಕು. ಸರ್ವಿಸ್ ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಜೆಸಿಎಂಡಿಯಿಂದ (ಜಾವಾ ಜೊತೆಗೇ ಬರುವ ಕಮಾಂಡ್) ಬೇಸ್‌ಲೈನ್ ಹಿಡಿಯಿರಿ, ಮರುದಿನ ಡಿಫ್, ಅಂದರೆ ಅದರಿಂದ ಆದ ವ್ಯತ್ಯಾಸ, ತೆಗೆಯಿರಿ. ರಿಸರ್ವ್ಡ್ (ಬರೀ ಕಾದಿರಿಸಿದ ವಿಳಾಸದ ಜಾಗ) ಅಂಕಿ ನೋಡಿ ಗಾಬರಿಯಾಗಬೇಡಿ, ಕಮಿಟೆಡ್ (ಬಳಕೆಗೆ ಪಡೆದದ್ದು) ನೋಡಿ. ಯಾವ ಸಾಲು ಬೆಳೆದಿದೆಯೋ ಅಲ್ಲಿಂದ ಹಿಡಿಯಿರಿ.

ಯಾವ ಸಾಲೂ ಬೆಳೆಯದೆ ಆರ್‌ಎಸ್‌ಎಸ್ ಮಾತ್ರ ಏರುತ್ತಿದ್ದರೆ? ನನಗೆ ಹೀಗೇ ಆಗಿತ್ತು. ಒಂದು ವಾರ ಹೀಪ್ ಡಂಪ್‌ಗಳಲ್ಲೇ ಮುಳುಗಿದ್ದೆ. ನೇಟಿವ್ ಮೆಮೊರಿ ಟ್ರ್ಯಾಕಿಂಗ್‌ನ ಲೆಕ್ಕಕ್ಕೆ ಬರುವುದು ಜೆವಿಎಂ ತಾನೇ ಪಡೆದ ಮೆಮೊರಿ. ಝೆಡ್‌ಲಿಬ್‌ನಂಥ (ಡೇಟಾ ಕುಗ್ಗಿಸಿ ಬಿಚ್ಚುವ) ನೇಟಿವ್ ಲೈಬ್ರರಿ, ಮೆಮೊರಿ ಕೇಳುವ ಸಿ ಫಂಕ್ಷನ್ ಆದ ಮ್ಯಾಲಕ್‌ನಿಂದ ಪಡೆದದ್ದು ಅಲ್ಲಿ ಕಾಣುವುದಿಲ್ಲ. ನಮ್ಮ ಕೋಡ್ ಪ್ರತಿ ರಿಕ್ವೆಸ್ಟ್‌ಗೂ ಹೊಸ ಇನ್‌ಫ್ಲೇಟರ್ (ಝೆಡ್‌ಲಿಬ್ ಬಳಸಿ ಡೇಟಾ ಬಿಚ್ಚುವ ಜಾವಾ ಆಬ್ಜೆಕ್ಟ್) ಮಾಡುತ್ತಿತ್ತು, ಅದರ ಮೆಮೊರಿ ಬಿಡಿಸುವ ಎಂಡ್ ಮೆಥಡ್ ಕರೆಯುತ್ತಿರಲಿಲ್ಲ. ಹೀಪಿನಲ್ಲಿ ಅದು ಪುಟಾಣಿ ಆಬ್ಜೆಕ್ಟ್. ಅದರ ಬೆನ್ನಿಗೆ ನೇಟಿವ್ ಕಡೆ ಹತ್ತಾರು ಕೆಬಿ. ಹೀಪ್ ಖಾಲಿಯಿದ್ದದ್ದರಿಂದ ಜಿಸಿ ಅತ್ತ ತಲೆ ಹಾಕುತ್ತಲೇ ಇರಲಿಲ್ಲ, ಅಲ್ವಾ? ಫೈನಲಿ ಬ್ಲಾಕಿನಲ್ಲಿ ಎಂಡ್ ಹಾಕಿದೆ. ಗ್ರಾಫ್ ಅವತ್ತೇ ಚಪ್ಪಟೆಯಾಯಿತು.

ಇನ್ನೊಂದನ್ನೂ ನೋಡಿ. 64 ಬಿಟ್ ಲಿನಕ್ಸ್‌ನ ಜಿಲಿಬ್‌ಸಿ (ಮ್ಯಾಲಕ್ ಇರುವ ಸಿ ಲೈಬ್ರರಿ) ಒಂದು ಕೋರ್‌ಗೆ 8ರ ಲೆಕ್ಕದಲ್ಲಿ ಅರೀನಾಗಳನ್ನು (ಥ್ರೆಡ್‌ಗಳಿಗೆ ಮೆಮೊರಿ ಹಂಚುವ ಪ್ರತ್ಯೇಕ ಜಾಗಗಳು) ತೆರೆಯಬಹುದು. ಥ್ರೆಡ್ ಜಾಸ್ತಿ ಇದ್ದರೆ ಫ್ರೀ ಆದ ಮೆಮೊರಿಯೂ ಅಲ್ಲೇ ಚೂರುಚೂರಾಗಿ ಉಳಿಯುತ್ತದೆ. ಮ್ಯಾಲಕ್ ಅರೀನಾ ಮ್ಯಾಕ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 2 ಕೊಟ್ಟು ಎರಡು ದಿನ ಓಡಿಸಿ. ಇದನ್ನೂ ಇನ್‌ಫ್ಲೇಟರ್ ಬದಲಾವಣೆಯನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ, ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ. ಡಿಫ್ ಬಂದ ಮೇಲೆ ಅದೇ ಹೊತ್ತಿನ ಆರ್‌ಎಸ್‌ಎಸ್ ಅಂಕಿಯನ್ನೂ ಸೇರಿಸಿ ಬರೆಯಿರಿ, ನೋಡೋಣ.