ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪರ ಇಗರ್ಜಿ (ಚರ್ಚು) ಮಾತಾಡಿದರೆ ಅದು ರಾಜಕೀಯವಾಗುವುದಿಲ್ಲವೇ?

ಆಗುವುದಿಲ್ಲ ಎಂದೇ ನನ್ನ ದೃಢವಾದ ಅಭಿಪ್ರಾಯ. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಕಾರ್ಮಿಕರ ನ್ಯಾಯವಾದ ಕೂಲಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಎತ್ತಿಹಿಡಿದಂದಿನಿಂದ ಕಥೊಲಿಕ ಧರ್ಮಸಭೆಯ ಸಾಮಾಜಿಕ ಬೋಧನೆ ಇಂಥ ಪ್ರಶ್ನೆಗಳನ್ನು ವಿಶ್ವಾಸದ ಭಾಗವಾಗಿಯೇ ನೋಡಿದೆ. 1963ರಲ್ಲಿ ಇಪ್ಪತ್ತಮೂರನೆಯ ಜಾನ್ ಪೋಪರು ಶಾಂತಿಯನ್ನು ಮಾನವ ಹಕ್ಕುಗಳೊಂದಿಗೆ ಬೆಸೆದರು, 2015ರಲ್ಲಿ ಫ್ರಾನ್ಸಿಸ್ ಪೋಪರು ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದರು.

ಈ ಕೊನೆಯ ಮಾತು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಕಣ್ಣಿಗೇ ಕಾಣುತ್ತದೆ. ಗುಡ್ಡದ ಮೇಲಿನ ಗೇರು ತೋಟಗಳಿಗೆ 2000ದವರೆಗೆ, ಸುಮಾರು ಎರಡು ದಶಕಗಳ ಕಾಲ, ಹೆಲಿಕಾಪ್ಟರಿನಿಂದ ಸಿಂಪಡಿಸಿದ ಈ ವಿಷ ಕೆಳಗಿನ ತೋಡಿಗೂ ಮನೆಯಂಗಳಕ್ಕೂ ಇಳಿಯಿತು. ಹಾಸಿಗೆ ಹಿಡಿದ ಮಗುವನ್ನು ಒಬ್ಬಂಟಿಯಾಗಿ ಬಿಟ್ಟು ತಾಯಿ ಕೂಲಿಗೆ ಹೋಗಲಾರಳಾದ್ದರಿಂದ, ಕಾಯಿಲೆ ಬಂದ ಮನೆಗೆ ಬಡತನವೂ ಬರುತ್ತದೆ. ಅಲ್ಲಿಗೆ ಅಕ್ಕಿ ಕೊಡುವುದು ಒಳ್ಳೆಯದೇ. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ಕೊಡಲು ಆದೇಶಿಸಿದ ತಲಾ 5 ಲಕ್ಷ ರೂಪಾಯಿ ಪರಿಹಾರ ಆಕೆಯ ಹಕ್ಕು, ಅದನ್ನು ದಾನದಿಂದ ತೀರಿಸಲಾಗದು.

ಪಕ್ಷವೊಂದಕ್ಕೆ ಮತ ಕೇಳುವುದು ಬೇರೆ ವಿಷಯ, ಅದು ಪಾದ್ರಿಗಳ ಕೆಲಸವಲ್ಲ. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ, ಇದೇ ಜಿಲ್ಲೆಯ ಬೇಳದಂಥ ಇಗರ್ಜಿಗಳ ಯುವಕರು ಮಾಡಬಹುದಾದ್ದು ಬೇಕಾದಷ್ಟಿದೆ: ಮಲಯಾಳದಲ್ಲಿ ಬರುವ ಅರ್ಜಿ, ನೋಟಿಸುಗಳನ್ನು ಕನ್ನಡ, ತುಳು ಮಾತ್ರ ಬಲ್ಲ ಹಿರಿಯರಿಗೆ ಓದಿ ಹೇಳಿ, ಜಾತಿ ಧರ್ಮ ಕೇಳದೆ ತುಂಬಿಸಿಕೊಟ್ಟು, ವೈದ್ಯಕೀಯ ಶಿಬಿರಕ್ಕೆ ಹೋಗಲು ಅವರಿಗೊಂದು ವಾಹನ ಗೊತ್ತುಮಾಡುವುದು.